ಪಾರಿವಾಳಕ್ಕೆ ಬಿಟ್ಟ ಗಾಳಿಕಿಂಡಿ

ನವೆಂಬರ್ ಬಂತೆಂದರೆ ಕೀತ್ಲಿ ಊರಿನ ಏರುಬೀದಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ನಿಮ್ಮನೆ ಬಾಯ್ಲರ್ ಹೇಗಿದೆ?" ಹೆಂಡತಿ ಮಕ್ಕಳ ಯೋಗಕ್ಷೇಮ ಕೇಳುವುದು ಆಮೇಲೆ. ಅಡುಗೆಮನೆ ಗೋಡೆಯ ಆ ಪೆಟ್ಟಿಗೆ ಉರಿದರೆ ತಾನೇ ಕೋಣೆ ಕೋಣೆಗೂ ಕೊಳವೆಗಳಲ್ಲಿ ಬಿಸಿನೀರು ಹರಿದು ಮನೆ ಬೆಚ್ಚಗಾಗುವುದು! ಅದು ಕೈಕೊಟ್ಟರೆ ಹಾಸಿಗೆಯಲ್ಲೂ ಕೋಟು ಹಾಕಿಕೊಂಡೇ ಮಲಗಬೇಕು.

ಕ್ಲಿಫರ್ಡ್ ಹೋಲ್ರಾಯ್ಡ್ ಮಾತ್ರ ಈ ಪ್ರಶ್ನೆಗೆ ಎದೆಯುಬ್ಬಿಸಿ ಉತ್ತರ ಕೊಡುತ್ತಿದ್ದ. "ನಮ್ದಕ್ಕೆ ಮೂವತ್ತು ವರ್ಷ. ಕಲ್ಲುಗುಂಡು ಇದ್ದಂಗಿದೆ. ಈಗ ಬರೋವೆಲ್ಲ ಏನು, ಬಿಸ್ಕತ್ತಿನ ಡಬ್ಬಿ!" ವರ್ಷಕ್ಕೊಮ್ಮೆ ಬಾಯ್ಲರ್ ಪರೀಕ್ಷೆ ಮಾಡಿಸಿ ಎಂದು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದ. "ಜೀವಮಾನವೆಲ್ಲ ಬಸ್ಸು ಓಡಿಸಿದೋನು ನಾನು. ಎಂಜಿನ್ ಸದ್ದಲ್ಲೇ ಕಾಯಿಲೆ ಹೇಳ್ತಿದ್ದೆ. ನನಗೇ ಪಾಠವಾ?"

ನಿವೃತ್ತಿಯಾದ ಮೇಲೆ ಅವನ ಪ್ರಾಣವೆಲ್ಲ ಎರಡು ಕಡೆ ಇತ್ತು. ಹಿತ್ತಲಿನ ಗೂಡಿನಲ್ಲಿದ್ದ ಪಂದ್ಯದ ಪಾರಿವಾಳಗಳು ಒಂದು, ಹೆಂಡತಿ ವಿನಿಫ್ರೆಡ್, ಅಂದರೆ ಅವನ ವಿನ್ನಿ, ಇನ್ನೊಂದು. ಯಾವುದು ಮೊದಲು ಎಂದು ವಿನ್ನಿ ಆಗಾಗ ಕೆಣಕುತ್ತಿದ್ದಳು. ಹೋದ ಜನವರಿಯಲ್ಲಿ ಇಬ್ಬರೂ ಸಮುದ್ರತೀರಕ್ಕೆ ಹೋಗಿದ್ದಾಗ ಪಕ್ಕದ ಮನೆಯ ನಸ್ರೀನ್ ಹಕ್ಕಿಗಳನ್ನು ನೋಡಿಕೊಂಡಿದ್ದಳು. ಪಾಪ, ಚಳಿಯೆಂದು ಗೂಡಿನ ಗಾಳಿಕಿಂಡಿಗೆ ಗೋಣಿಚೀಲ ತುರುಕಿದ್ದಳು. ವಾಪಸು ಬಂದ ಕ್ಲಿಫ್ ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದ. "ಚಳಿಗೆ ಹಕ್ಕಿ ಸಾಯಲ್ಲ ಕಣಮ್ಮ, ಗಾಳಿ ಕಟ್ಟಿದ್ರೆ ಸಾಯುತ್ತೆ!"

ಈ ವರ್ಷ ಚಳಿ ಬೇಗ ಹಿಡಿಯಿತು. ಪಾತ್ರೆ ತೊಳೆಯುತ್ತಾ ನಿಂತ ವಿನ್ನಿ ಒಂದು ಸಂಜೆ, "ಕಾಲಿಗೆ ತಣ್ಣನೆ ಗಾಳಿ ಹೊಡೆಯುತ್ತೆ ಕಣೋ" ಅಂದಳು. ಬಾಯ್ಲರ್ ಕೆಳಗೆ, ಗೋಡೆಯಲ್ಲಿ ಒಂದು ಗಾಳಿಕಿಂಡಿ ಇತ್ತು. ಕ್ಲಿಫ್ ತನ್ನ ಉಣ್ಣೆಯ ಮಫ್ಲರನ್ನೇ ಮಡಚಿ ಅದರೊಳಗೆ ತುರುಕಿದ. ಅವಳೇ ಹೆಣೆದುಕೊಟ್ಟ ಮಫ್ಲರು ಅದು. "ಈಗ?" ಎಂದ. "ಈಗ ಹಾಯಾಗಿದೆ" ಎಂದಳು. ಅವನಿಗೆ ಅಷ್ಟೇ ಬೇಕಿತ್ತು.

ಕೆಲವು ದಿನಗಳಲ್ಲೇ ವಿನ್ನಿಗೆ ತಲೆನೋವು ಶುರುವಾಯಿತು. ಹೊಟ್ಟೆ ತೊಳಸುತ್ತಿತ್ತು. ನಿಂತರೆ ತಲೆ ಸುತ್ತುತ್ತಿತ್ತು. ಶೀತಜ್ವರವಿರಬೇಕು ಎಂದುಕೊಂಡರು. ಆಮೇಲೆ ಮರೆವು ಬಂತು. ಚಹಾ ಕೊಟ್ಟ ಕೈಯಲ್ಲೇ "ಚಹಾ ಕೊಡ್ಲಾ?" ಎನ್ನುವಳು. ಒಂದು ಮಧ್ಯಾಹ್ನ ಗಂಡನನ್ನೇ ದಿಟ್ಟಿಸಿ ನೋಡಿ, ತೀರಿಹೋದ ತನ್ನ ತಮ್ಮನ ಹೆಸರು ಹಿಡಿದು ಕರೆದಳು.

ಕ್ಲಿಫ್‌ಗೆ ಅತ್ತೆಯ ನೆನಪಾಯಿತು. ವಿನ್ನಿಯ ತಾಯಿ ಕೊನೆಗಾಲದಲ್ಲಿ ಮಗಳ ಗುರುತನ್ನೇ ಮರೆತು ಹೋಗಿದ್ದಳು. ಇವಳಿಗೂ ಅದೇ ಶುರುವಾಯಿತೇ? ಯಾರ ಮುಂದೆಯೂ ಹೇಳಿಕೊಳ್ಳಲಾರದೆ ಅವನು ಪಾರಿವಾಳದ ಗೂಡಿಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಿದ್ದ. ಬಂದವನೇ ಕಿಟಕಿಗಳನ್ನು ಭದ್ರವಾಗಿ ಮುಚ್ಚುತ್ತಿದ್ದ. ವಿನ್ನಿಯನ್ನು ಬಾಯ್ಲರ್ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಉರಿಯನ್ನು ಇನ್ನಷ್ಟು ಏರಿಸುತ್ತಿದ್ದ. ಪ್ರೀತಿಯಲ್ಲಿ ಅವನು ಒಂದಿಷ್ಟೂ ಕೊರತೆ ಮಾಡಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ನಸ್ರೀನ್ ಬಂದಳು. ಬಾಣಂತಿಯರ ಮನೆಮನೆಗೆ ಹೋಗಿ ತಾಯಿ ಮಗುವನ್ನು ನೋಡಿ ಬರುವ ಆರೋಗ್ಯ ಕಾರ್ಯಕರ್ತೆ ಅವಳು. ವಿನ್ನಿ ಕಡುಬು ಕಳಿಸಿದ್ದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಸಮೋಸ ತುಂಬಿಸಿಕೊಂಡು ಬಂದಿದ್ದಳು.

"ಏನ್ ಆಂಟಿ, ಇಷ್ಟೊಂದು ಸೊರಗಿದ್ದೀರಾ? ನಿನ್ನೆ ಚರ್ಚಲ್ಲಿ ಹಾಡಿನ ಅಭ್ಯಾಸಕ್ಕೆ ಹೋಗಿದ್ರಲ್ಲ?"

"ಹೋಗಿದ್ದೆ. ಅಲ್ಲಿ ಚೆನ್ನಾಗೇ ಇದ್ದೆ ಕಣೇ. ಎಲ್ಲಾ ಹಾಡೂ ಪುಸ್ತಕ ನೋಡ್ದೇ ಹಾಡ್ದೆ. ಮನೆಗೆ ಬಂದು ಕೂತೆ ನೋಡು, ಮತ್ತೆ ತಲೆ ಸಿಡಿಯೋಕೆ ಶುರು."

"ನನ್ನ ಮುಖ ನೋಡಿದ್ರೆ ಅವಳಿಗೆ ತಲೆನೋವು ಬರುತ್ತೆ" ಎಂದು ಕ್ಲಿಫ್ ನಗಲು ನೋಡಿದ. ನಗು ಬರಲಿಲ್ಲ.

ನಸ್ರೀನ್ ನಗಲಿಲ್ಲ. "ಅಂಕಲ್, ಹೊರಗೆ ಹೋದಾಗ ಆಂಟಿ ಏನಾದ್ರೂ ಮರೀತಾರಾ?"

ಅವನು ಯೋಚಿಸಿದ. "ಇಲ್ಲ… ಹೊರಗೆ ಇಲ್ಲ."

"ನಿಮಗೆ ತಲೆನೋವು?"

"ಬೆಳಿಗ್ಗೆ ಸ್ವಲ್ಪ ಇರುತ್ತೆ. ಗೂಡಿಗೆ ಹೋದ್ರೆ ಹೋಗುತ್ತೆ."

ನಸ್ರೀನ್ ಬಾಯ್ಲರ್ ಕಡೆ ತಿರುಗಿದಳು. ಅದರ ನೆತ್ತಿಯ ಮೇಲೆ ಗೋಡೆಗೆ ಕಂದು ಮಸಿ ಹಿಡಿದಿತ್ತು. ಕಿಟಕಿಯ ಗಾಜೆಲ್ಲ ಬೆವತು ನೀರಿಳಿಯುತ್ತಿತ್ತು. ಸಣ್ಣ ಗಾಜಿನ ಕಿಂಡಿಯೊಳಗೆ ಉರಿ ಹಳದಿಯಾಗಿ ಕುಣಿಯುತ್ತಿತ್ತು.

"ಉರಿ ನೀಲಿ ಇರ್ಬೇಕಲ್ವಾ ಅಂಕಲ್?"

"ಹಳದಿ ಆದ್ರೇನಂತೆ? ನೋಡೋಕೆ ಬೆಚ್ಚಗಿದೆಯಲ್ಲ!"

"ಇದು ವಿಷ ಕಾರ್ತಿದೆ ಅಂಕಲ್. ಕಾರ್ಬನ್ ಮೋನಾಕ್ಸೈಡ್. ಆಫ್ ಮಾಡಿ ಮೊದ್ಲು."

"ವಾಸನೆ ಎಲ್ಲಿದೆ? ಹೊಗೆ ಎಲ್ಲಿದೆ? ಹೊಗೆ ಅಲಾರಾಂ ಬೇರೆ ಇದೆ, ಒಂದಿನಾನೂ ಕಿರುಚಿಲ್ಲ."

"ಅದಕ್ಕೆ ವಾಸನೇನೂ ಇಲ್ಲ, ಬಣ್ಣಾನೂ ಇಲ್ಲ. ಹೊಗೆ ಅಲಾರಾಮಿಗೆ ಅದು ಗೊತ್ತಾಗಲ್ಲ, ಅದಕ್ಕೇ ಬೇರೆ ಅಲಾರಾಂ ಬೇಕು" ಎನ್ನುತ್ತಾ ನಸ್ರೀನ್ ಬಗ್ಗಿದಳು. ಗೋಡೆಯ ಕಿಂಡಿಯಿಂದ ಮಫ್ಲರಿನ ತುದಿ ಇಣುಕುತ್ತಿತ್ತು. ಅವಳು ಅದನ್ನು ಎಳೆದು ಅವನ ಮುಂದೆ ಹಿಡಿದಳು. "ಜನವರೀಲಿ ಗೋಣಿಚೀಲಕ್ಕೆ ನನ್ನನ್ನ ಹೇಗೆ ಬೈದ್ರಿ, ನೆನಪಿದ್ಯಾ? ಪಾರಿವಾಳಕ್ಕೆ ಕಿಂಡಿ ಬಿಟ್ಟು, ಆಂಟಿಗೆ ಮುಚ್ಚಿದ್ದೀರಲ್ಲ ಅಂಕಲ್!"

ಕ್ಲಿಫ್ ಮಫ್ಲರು ನೋಡಿದ, ಕಂಬಳಿಯೊಳಗೆ ಮುದುಡಿ ಕುಳಿತ ವಿನ್ನಿಯನ್ನು ನೋಡಿದ. ಮರುಕ್ಷಣವೇ ಬಾಯ್ಲರ್ ಆರಿಸಿದ. ಬಾಗಿಲು ಕಿಟಕಿಗಳನ್ನೆಲ್ಲ ತೆರೆದುಬಿಟ್ಟ. ವಿನ್ನಿಯನ್ನು ತಬ್ಬಿಕೊಂಡೇ ಹೊರಗೆ ಕರೆದುಕೊಂಡು ಹೋದ. ನಸ್ರೀನ್ ತನ್ನ ಮನೆಯಿಂದ ಗ್ಯಾಸಿನ ತುರ್ತು ಸಂಖ್ಯೆಗೆ ಫೋನು ಮಾಡಿ, ಇಬ್ಬರನ್ನೂ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದಳು.

ರಕ್ತಪರೀಕ್ಷೆಯಲ್ಲಿ ವಿಷ ಸಿಕ್ಕಿತು. ಇಬ್ಬರಲ್ಲೂ ಇತ್ತು, ಇಡೀ ದಿನ ಒಳಗೇ ಇರುತ್ತಿದ್ದ ವಿನ್ನಿಯಲ್ಲಿ ಹೆಚ್ಚು. ಅವಳಿಗೆ ಮಾಸ್ಕು ಹಾಕಿ ಆಮ್ಲಜನಕ ಕೊಟ್ಟರು. ಕ್ಲಿಫ್ ಅವಳ ಕೈ ಹಿಡಿದು ಮಗುವಿನಂತೆ ಅತ್ತ. "ನಾನೇ ಕಣೇ. ನಿನ್ನ ಬೆಚ್ಚಗಿಡ್ತೀನಿ ಅಂತ ಹೋಗಿ ನಾನೇ ಕೊಲ್ತಿದ್ದೆ."

ವಿನ್ನಿ ಮಾಸ್ಕು ಸರಿಸಿ, "ಅಳ್ಬೇಡ್ವೋ, ಎಲ್ಲರೂ ನೋಡ್ತಿದ್ದಾರೆ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಹಕ್ಕಿಗಳಿಗೆ ಕಾಳು ಹಾಕಿದ್ಯಾ?" ಎಂದು ಕೇಳಿದಳು.

"ಹಾಕಿದ್ದೀನಿ."

ಅವಳು ಮತ್ತೆ ಅದನ್ನೇ ಕೇಳುತ್ತಾಳೆಂದು ಕ್ಲಿಫ್ ಕಾದ. ಸಂಜೆಯಾಯಿತು, ದೀಪ ಹಚ್ಚಿದರು. ಅವಳು ಕೇಳಲಿಲ್ಲ.

ತುರ್ತು ಸೇವೆಯವನು ಅಷ್ಟರಲ್ಲಿ ಬಾಯ್ಲರಿಗೆ 'ಬಳಸಬೇಡಿ' ಎಂಬ ಚೀಟಿ ಅಂಟಿಸಿ ಹೋಗಿದ್ದ. ವಿನ್ನಿ ಮನೆಗೆ ಬರುವ ಮೊದಲೇ ಮೆಕ್ಯಾನಿಕ್ ಡೆನಿಸ್ ಬಂದ. ನಸ್ರೀನ್ ಬಾಗಿಲಲ್ಲೇ ಅಡ್ಡ ನಿಂತು, "ಮೊದ್ಲು ಗ್ಯಾಸ್ ಕೆಲಸದ ನೋಂದಣಿ ಕಾರ್ಡು ತೋರಿಸಪ್ಪ" ಎಂದಳು. ಅವನು ತೋರಿಸಿದ ಮೇಲೇ ಒಳಗೆ ಬಿಟ್ಟಳು.

ಕ್ಲಿಫ್‌ಗೆ ಇನ್ನೂ ಆಸೆ. "ಸ್ವಲ್ಪ ರಿಪೇರಿ ಮಾಡಿದ್ರೆ ಆಗಲ್ವಾ? ಹಳೇ ಸ್ನೇಹಿತ ಇದ್ದಂಗೆ ಇದು."

"ಆಗೋದಾದ್ರೆ ಅದನ್ನೇ ಮಾಡ್ತಿದ್ದೆ" ಎಂದ ಡೆನಿಸ್. "ಒಳಗೆ ಬಿರುಕು ಬಿಟ್ಟಿದೆ. ಹೊಗೆಕೊಳವೆ ಅರ್ಧ ಕಟ್ಟಿದೆ. ಇದರ ಭಾಗಗಳು ಈಗ ಎಲ್ಲೂ ಸಿಗಲ್ಲ. ವರ್ಷಕ್ಕೊಂದ್ಸಲ ತೋರಿಸಿದ್ರೆ ಮೊದಲೇ ಗೊತ್ತಾಗ್ತಿತ್ತು. ಇದು ನಿಮ್ಮ ಕೋಣೆ ಗಾಳೀನೇ ಎಳ್ಕೊಂಡು ಉರಿಯೋದು. ಹೊಸದು ಹೊರಗಿಂದ ಗಾಳಿ ಎಳ್ಕೊಂಡು, ಹೊಗೇನೂ ಹೊರಗೇ ಬಿಡುತ್ತೆ."

"ಇಷ್ಟು ದಿನ ನಮ್ಮ ವಿನ್ನಿ ಉಸಿರಾಡೋ ಗಾಳೀನೇ ತಿಂದಿತಾ?" ಕ್ಲಿಫ್ ಹಳೆಯ ಪೆಟ್ಟಿಗೆಯನ್ನು ಒಂದು ಗಳಿಗೆ ನೋಡಿದ. "ಹಾಗಾದ್ರೆ ಕಿತ್ತಾಕು ಮಾರಾಯ. ಇಂಥಾ ಸ್ನೇಹಿತ ನನಗೆ ಬೇಡ."

ಹೊಸ ಬಾಯ್ಲರ್ ಬಂತು. ಪಕ್ಕದಲ್ಲೇ ಕಾರ್ಬನ್ ಮೋನಾಕ್ಸೈಡ್ ಅಲಾರಾಮೂ ಬಂತು. ವಿನ್ನಿ ಮನೆಗೆ ಬಂದ ಸಂಜೆ ಕ್ಲಿಫ್ ಹಿತ್ತಲಲ್ಲಿ ಕಾಳು ಹಾಕುತ್ತಿದ್ದ. ಒಗೆದು ಒಣಗಿಸಿದ ಮಫ್ಲರು ಅವನ ಕೊರಳಲ್ಲಿತ್ತು. ಅಡುಗೆಮನೆಯಿಂದ ಹಾಡು ಕೇಳಿಸಿತು. ಪಾತ್ರೆ ತೊಳೆಯುತ್ತಾ ವಿನ್ನಿ ಮೊದಲ ಚರಣ ಹಾಡಿದಳು, ಎರಡನೆಯದು ಹಾಡಿದಳು, ಒಂದು ಪದವೂ ತಪ್ಪದೆ ಕೊನೆಯವರೆಗೂ ಹಾಡಿದಳು. ಅವನ ಮುಷ್ಟಿಯ ಕಾಳು ಮುಷ್ಟಿಯಲ್ಲೇ ಇತ್ತು.

"ಮುಗೀತೇನೋ ಹಕ್ಕಿಗಳ ಸೇವೆ?" ಎಂದು ಅವಳು ಕಿಟಕಿಯಿಂದ ಕೂಗಿದಳು. "ಒಳಗೂ ಒಂದು ಹಕ್ಕಿ ಕಾಯ್ತಿದೆ!"

"ಬಂದೆ ಕಣೇ ವಿನ್ನಿ, ಬಂದೆ!"

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಉರಿಯುವ ಒಂದು ಪೆಟ್ಟಿಗೆ ಇರಬಹುದು. ಬಾಯ್ಲರ್ ಆಗಲಿ, ಬಚ್ಚಲುಮನೆಯ ಗ್ಯಾಸ್ ಗೀಸರ್ ಆಗಲಿ, ಅದಕ್ಕೆ ವಯಸ್ಸಾಗುತ್ತದೆ. ವರ್ಷಕ್ಕೊಮ್ಮೆ ನೋಂದಾಯಿತ ಮೆಕ್ಯಾನಿಕ್‌ಗೆ ತೋರಿಸಿ. ರಿಪೇರಿ ಆಗದು ಎಂದರೆ ಹಟ ಮಾಡದೆ ಬದಲಾಯಿಸಿ. ಉರಿ ಹಳದಿಯಾದರೆ, ಮನೆಯಲ್ಲಿ ಬರುವ ತಲೆನೋವು ಹೊರಗೆ ಹೋದಾಗ ಬಿಟ್ಟರೆ, ಆರಿಸಿ, ಬಾಗಿಲು ತೆರೆದು ಹೊರಗೆ ಬನ್ನಿ, ಸಹಾಯಕ್ಕೆ ಕರೆಯಿರಿ. ಚಳಿಯೆಂದು ಯಾವುದಾದರೂ ಗಾಳಿಕಿಂಡಿಗೆ ಬಟ್ಟೆ ತುರುಕಿದ್ದೀರಾ? ಈ ಕಾಗದ ಇಲ್ಲೇ ಇಡಿ. ಮೊದಲು ಹೋಗಿ ಅದನ್ನು ಎಳೆದುಹಾಕಿ ಬನ್ನಿ.