ಚರಂಡಿ ಹುಲ್ಲಿಗೆ ಸುರಿದ ಡೀಸೆಲ್

ಠಣ್ ಅಂತ ಏನೋ ಬ್ಲೇಡಿಗೆ ಸಿಕ್ಕಿತು, ಬಿಯರ್ ಡಬ್ಬಿ ಇರಬೇಕು, ಸಿಗಲಿ, ಚೂರುಚೂರಾಗಲಿ, ಈ ಹುಲ್ಲಿನೊಳಗೆ ಏನೇನು ಅಡಗಿದೆಯೋ ಎಲ್ಲವೂ ಚೂರಾಗಲಿ, ಎದೆಮಟ್ಟ ಬೆಳೆದು ನಿಂತಿದೆ, ನಡುನಡುವೆ ನೇರಳೆ ಹೂವಿನ ಮುಳ್ಳುಗಿಡ ಬೇರೆ, ಕೇಳುವವರಿಲ್ಲ ಅಂತ ಮೆರೆಯುತ್ತಿದೆ — ಈ ಊರಿಗೆ ಸೊಸೆಯಾಗಿ ಬಂದು ನಲವತ್ತೊಂದು ವರ್ಷವಾಯಿತು, ಆಗಸ್ಟ್ ಬಂದರೂ ಒಂದು ಸಲವೂ ಕೊಯ್ಯದ ರಸ್ತೆಯಂಚಿನ ಚರಂಡಿಯನ್ನು ನಾನು ನೋಡಿದ್ದು ಈ ವರ್ಷವೇ. ಅಧ್ಯಕ್ಷ ಲೋವೆಲ್‌ನ ಲೆಕ್ಕದಲ್ಲಿ ಡೀಸೆಲ್ ದಂಡವಂತೆ. ಹುಲ್ಲು ಕೊಯ್ದರೆ ಮತ್ತೆ ಬೆಳೆಯುತ್ತದಂತೆ. ಗಡ್ಡವೂ ಮತ್ತೆ ಬೆಳೆಯುತ್ತದಲ್ಲ ಲೋವೆಲ್, ಭಾನುವಾರ ಚರ್ಚಿಗೆ ಬರುವಾಗ ಯಾಕೆ ಕೆರೆದುಕೊಂಡು ಬರುತ್ತೀಯ, ಅಂತ ಅವತ್ತೇ ಕೇಳಬೇಕಿತ್ತು, ಕೇಳಲಿಲ್ಲ, ಈಗ ಟ್ರ್ಯಾಕ್ಟರಿನ ಸದ್ದಿನೊಳಗೆ ಒಬ್ಬಳೇ ಕೇಳುತ್ತಿದ್ದೇನೆ. ನನ್ನದೇ ಟ್ರ್ಯಾಕ್ಟರು, ನನ್ನದೇ ಡೀಸೆಲ್ಲು, ಹಿಂದೆ ಕಟ್ಟಿರುವ ಕೊಯ್ಯುವ ಯಂತ್ರ ಮಾತ್ರ ಟೌನ್‌ಶಿಪ್ಪಿನದು, ನಮ್ಮ ಊರಾಡಳಿತದ್ದು, ಷೆಡ್ಡಿನ ಬೀಗದ ಕೈ ಗಂಡ ಡ್ವೇನ್‌ನ ಗೊಂಚಲಿನಲ್ಲೇ ಇತ್ತು, ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು, ವಾಚು, ಬೆಲ್ಟು, ಕತ್ತರಿಸಿ ತೆಗೆದ ಪ್ಯಾಂಟು, ಬೀಗದ ಕೈ. ಹತ್ತೊಂಬತ್ತು ವರ್ಷ ಈ ಚರಂಡಿಗಳನ್ನೆಲ್ಲ ಕೊಯ್ದ ನನ್ನ ಗಂಡ ಒಂಬತ್ತು ದಿನದಿಂದ ಸೂ ಫಾಲ್ಸಿನ ಆಸ್ಪತ್ರೆಯಲ್ಲಿ ಅಂಗಾತ ಮಲಗಿದ್ದಾನೆ, ಸೊಂಟದ ಮೂಳೆ ಮೂರು ಕಡೆ ಮುರಿದಿದೆ, ನಡೆಯಬಹುದು, ನಡೆಯದೆಯೂ ಇರಬಹುದು ಎಂದು ಡಾಕ್ಟರು ಹೇಳಿದರು, ಮಳೆ ಬರಬಹುದು ಬರದಿರಬಹುದು ಅನ್ನುವ ದನಿಯಲ್ಲಿ. ಇವತ್ತು ಸಂಜೆ ಏಳಕ್ಕೆ ವಿಶೇಷ ಸಭೆ ಕರೆದಿದ್ದಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಾರೆ. ಹೋಗುತ್ತೇನೆ, ಎಲ್ಲರೆದುರು ಎದ್ದು ನಿಂತು ಹೇಳುತ್ತೇನೆ, ನನ್ನ ಗಂಡನ ಸೊಂಟ ಮುರಿದದ್ದು ನೀನು ಲೋವೆಲ್, ನಾಲ್ಕು ಡ್ರಮ್ ಡೀಸೆಲ್ ಉಳಿಸುವುದಕ್ಕೆ. ಬರೆದಿಟ್ಟುಕೊಂಡಿಲ್ಲ, ಬರೆಯುವುದೇನಿದೆ, ಒಂದೇ ವಾಕ್ಯ.

ಮಾರ್ಚ್‌ನಲ್ಲಿ ವರ್ಷದ ಸಭೆ, ಹೊರಗೆ ಇನ್ನೂ ಹಿಮ, ಒಳಗೆ ಹದಿನೇಳು ಜನ, ಮಡಚುವ ಕುರ್ಚಿ, ನೀರುಕಾಫಿ, ತಟ್ಟೆಯಲ್ಲಿ ನಿಂಬೆಯ ಸಿಹಿ. ಲೋವೆಲ್ ಅಧ್ಯಕ್ಷ, ಡ್ವೇನ್‌ನ ಚಿಕ್ಕಪ್ಪನ ಮಗ, ನಮ್ಮಿಂದ ಮೂರನೆಯ ಮನೆ, ಹೊಸ ಕೈಗವಸು ಕೊಳ್ಳಲು ಹಳೆಯದರ ಐದೂ ಬೆರಳು ತೂತಾಗಬೇಕು ಅನ್ನುವ ಜಾತಿ. ಕನ್ನಡಕ ಮೂಗಿನ ತುದಿಗೆ ತಂದು ಓದಿದ, ಒಂದು ಸುತ್ತಿಗೆ ನಾಲ್ಕು ದಿನ, ವರ್ಷಕ್ಕೆ ಎರಡು ಸುತ್ತು, ಡೀಸೆಲ್ಲಿಗೇ ಇಷ್ಟಾದ್ರೆ ರಸ್ತೆಗೆ ಜಲ್ಲಿ ಯಾವುದ್ರಲ್ಲಿ ಹಾಕೋದು, ಚರಂಡಿ ಹೇಗೂ ರಸ್ತೆಗಿಂತ ಕೆಳಗಿದೆ, ಹುಲ್ಲು ಎಷ್ಟು ಬೆಳೆದ್ರೂ ಯಾರ ಕಣ್ಣಿಗೂ ಅಡ್ಡ ಬರಲ್ಲ, ಫೆಸೆಂಟ್ ಹಕ್ಕಿಗೂ ಮೊಟ್ಟೆ ಇಡೋಕೆ ಜಾಗ ಆಯ್ತು. ಹಕ್ಕಿಯ ಮೇಲೆ ಅವನಿಗೆಷ್ಟು ಪ್ರೀತಿ ಅಂತ ಅಕ್ಟೋಬರಿನಲ್ಲಿ ಬಂದೂಕು ಹಿಡಿದು ಹೊರಟಾಗ ನೋಡಬೇಕು. ಆಮೇಲೆ ಕೇಳಿದ, ಈ ವರ್ಷ ಚರಂಡಿ ಹೊಡಿಸಲ್ಲ, ಅದಕ್ಕೆ ಬೇಡ ಅನ್ನೋರು ಯಾರಾದ್ರೂ ಇದೀರಾ. ಯಾರೂ ಇಲ್ಲ. ನಮ್ಮಲ್ಲಿ ಯಾರೂ ಇರುವುದಿಲ್ಲ. ತಟ್ಟೆಯಲ್ಲಿ ಕೊನೆಯ ಸಿಹಿ ಉಳಿದರೆ ಅದನ್ನು ಪೂರ್ತಿ ಎತ್ತಿಕೊಳ್ಳುವ ಮನುಷ್ಯ ಈ ಟೌನ್‌ಶಿಪ್ಪಿನಲ್ಲಿ ಹುಟ್ಟಿಲ್ಲ, ಒಬ್ಬ ಅರ್ಧ ಮಾಡುತ್ತಾನೆ, ಇನ್ನೊಬ್ಬಳು ಆ ಅರ್ಧವನ್ನು ಅರ್ಧ ಮಾಡುತ್ತಾಳೆ, ಕೊನೆಗೆ ಉಗುರಿನಷ್ಟು ಉಳಿದು ಒಣಗಿ ಕಸಕ್ಕೆ ಹೋಗುತ್ತದೆ, ಅಂಥ ಜನ ಬೇಡ ಅಂತ ಬಾಯಿಬಿಟ್ಟು ಹೇಳುತ್ತಾರೆಯೇ. ಡ್ವೇನ್ ಬೂಟಿನ ತುದಿ ನೋಡುತ್ತಾ ಕೂತಿದ್ದ, ಅವನ ಕೆಲಸ, ಅವನ ಯಂತ್ರ, ಅವನ ಹತ್ತೊಂಬತ್ತು ಬೇಸಗೆ, ಒಂದು ಮಾತಾಡಲಿಲ್ಲ. ಲೋವೆಲ್ ನನ್ನ ಕಡೆ ತಿರುಗಿ, ಮಾರ್ಲಿಸ್, ನೀನೇನಾದ್ರೂ ಹೇಳ್ತೀಯಾ ಅಂದ. ನಾನು ಹೇಳಿದ್ದು, ಇಲ್ಲಪ್ಪ, ಪರವಾಗಿಲ್ಲ. ಪರವಾಗಿಲ್ಲವಂತೆ. ಮನೆಗೆ ಹೋಗುವಾಗ ಗಾಡಿಯಲ್ಲಿ ಡ್ವೇನ್‌ನ ಮೇಲೆ ಹರಿಹಾಯ್ದೆ, ನಿನಗೆ ಬಾಯಿ ಇರಲಿಲ್ವಾ ಅಂತ, ಅವನು ಗಾಜಿನ ಹಿಮ ಒರೆಸುವ ಕಡ್ಡಿಗಳನ್ನೇ ನೋಡುತ್ತಾ, ನಿನಗಿತ್ತಲ್ಲ ಅಂದ, ಸಿಟ್ಟಿಲ್ಲದೆ ಅಂದ, ಅವನು ಸಿಟ್ಟಿಲ್ಲದೆ ಹೇಳುವ ಮಾತುಗಳೇ ನನಗೆ ಹೆಚ್ಚು ಉರಿಸುವುದು.

ಮೋರಿ ಬಂತು, ಯಂತ್ರ ಎತ್ತಬೇಕು, ಎತ್ತಿದೆ, ಇಳಿಸಿದೆ, ಇನ್ನು ಅರ್ಧ ಮೈಲಿಗೆ ಮೂಲೆ. ಆ ಮೂಲೆಗೆ ನಿಲ್ಲು ಅನ್ನುವ ಫಲಕವಿಲ್ಲ, ಎರಡು ಜಲ್ಲಿ ರಸ್ತೆ ಕೂಡುವಲ್ಲಿ ಯಾರು ಫಲಕ ಹಾಕುತ್ತಾರೆ, ಫಲಕ ನಮಗೆ ಬೇಕಾಗಿಯೂ ಇರಲಿಲ್ಲ, ನಾವು ನೋಡುವುದು ಧೂಳು. ಹೊಲದಾಚೆ ಧೂಳು ಎದ್ದರೆ ಗಾಡಿ ಬರುತ್ತಿದೆ, ಧೂಳಿಲ್ಲದಿದ್ದರೆ ಯಾರೂ ಇಲ್ಲ, ಎಕ್ಸಲರೇಟರ್ ಮೇಲಿನ ಕಾಲು ಸ್ವಲ್ಪ ಸಡಿಲಿಸಿ ದಾಟಿಬಿಡು, ಇದನ್ನು ನಮಗೆ ಯಾರೂ ಕಲಿಸುವುದಿಲ್ಲ, ಅಪ್ಪನ ಪಕ್ಕದಲ್ಲಿ ಕೂತು ಬಂದದ್ದು. ಎಷ್ಟು ಎತ್ತರ ಎದ್ದಿದೆ, ಎಷ್ಟು ಬೇಗ ಸರಿಯುತ್ತಿದೆ ಅಂತ ನೋಡಿ ಅದು ಹಾಲಿನ ಟ್ಯಾಂಕರೋ ಅಂಚೆಯವಳೋ ಅಂತಲೂ ಡ್ವೇನ್ ಹೇಳುತ್ತಿದ್ದ. ಆ ಮಂಗಳವಾರ ಮುಂಚಿನ ರಾತ್ರಿಯೆಲ್ಲ ಮಳೆ. ರಸ್ತೆ ನೆಂದಿತ್ತು. ಡ್ವೇನ್ ಪೇಟೆಯಲ್ಲಿ ಕಾಫಿ ಕುಡಿದು ಮನೆಗೆ ಬರುತ್ತಿದ್ದ, ಎಡಗಡೆ ಧೂಳಿಲ್ಲ, ಕಾಲು ಸಡಿಲಿಸಿದ, ದಾಟಿದ, ಎಡಗಡೆಯಿಂದಲೇ ಹಂದಿ ಮೇವಿನ ಲಾರಿ ಬಂತು. ಮಳೆ ಬಂದ ಮಾರನೆಯ ದಿನ ಧೂಳು ಇರುವುದಿಲ್ಲ ಅನ್ನುವುದು ಅರವತ್ತಾರು ವರ್ಷದ ಮನುಷ್ಯನಿಗೆ ಗೊತ್ತಿಲ್ಲವೇ, ಗೊತ್ತು, ಆದರೆ ಕಣ್ಣು ಅಭ್ಯಾಸದಂತೆ ಆಕಾಶ ನೋಡುತ್ತದೆ, ಆಕಾಶ ಖಾಲಿ ಇತ್ತು. ಲಾರಿಯವನಿಗೆ ಹಣೆಯಲ್ಲಿ ಒಂದು ಗೀರು. ಅವನು ಚರಂಡಿಯ ದಿಬ್ಬದ ಮೇಲೆ ಕೂತು ಅಳುತ್ತಿದ್ದ, ಕಾಣ್ಲಿಲ್ಲ ಅಮ್ಮ, ಏನೂ ಕಾಣ್ಲಿಲ್ಲ, ಅಂತ ಅದೊಂದನ್ನೇ ಹೇಳುತ್ತಿದ್ದ. ಕಾಣುವುದು ಹೇಗೆ, ಹುಲ್ಲು ಕೊಯ್ದಿದ್ದರೆ ತಾನೇ. ಡ್ವೇನ್ ಮೊದಲೆಲ್ಲ ಆ ಮೂಲೆಯನ್ನು ಎರಡೆರಡು ಸಲ ಕೊಯ್ಯುತ್ತಿದ್ದ, ಹಿಂದಿನ ಮೋರಿಯಿಂದ ಮುಂದಿನ ಮೋರಿವರೆಗೆ, ಕೂದಲು ಕತ್ತರಿಸಿದಂತೆ. ಒಣಹುಲ್ಲು ನಿಂತರೆ ಚಳಿಗಾಲದಲ್ಲಿ ಹಿಮ ಅಲ್ಲೇ ಗುಡ್ಡೆ ಬೀಳುತ್ತದೆ, ಮುಳ್ಳಿನ ಬೀಜ ಹೊಲಕ್ಕೆ ಹಾರುತ್ತದೆ, ಮೋರಿ ಎಲ್ಲಿದೆಯೆಂದು ಕಾಣುವುದಿಲ್ಲ, ಇಷ್ಟೆಲ್ಲ ಲೋವೆಲ್‌ಗೂ ಗೊತ್ತು, ಅವನ ಅಪ್ಪನೇ ಕುಡುಗೋಲಿನಲ್ಲಿ ಹೊಡೆದ ಚರಂಡಿ ಇದು. ಡೀಸೆಲ್ಲಿನ ಬೆಲೆ ಎಲ್ಲರಿಗೂ ಗೊತ್ತಿರುತ್ತದೆ, ಬೋರ್ಡಿನಲ್ಲಿ ಬರೆದಿರುತ್ತಾರೆ. ಸೊಂಟದ ಬೆಲೆ ಯಾವ ಬೋರ್ಡಿನಲ್ಲಿ ಬರೆಯುತ್ತಾರೆ.

ಹಿಂದೆ ಧೂಳು, ಬೂದು ಬಣ್ಣದ ಪಿಕಪ್, ನಿಧಾನ, ಹೊಸ ಟೈರು ಸವೆಯಬಾರದು ಅನ್ನುವ ನಿಧಾನ, ಅವನೇ, ಲೋವೆಲ್. ಬರಲಿ. ಸಂಜೆವರೆಗೆ ಕಾಯುವುದೇಕೆ, ಇಲ್ಲೇ ಹೇಳಿಬಿಡುತ್ತೇನೆ. ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿದ, ನಮ್ಮ ನಮಸ್ಕಾರ ಅಷ್ಟೇ, ಒಂದು ಬೆರಳು, ನನ್ನ ಬೆರಳೂ ತಾನಾಗಿ ಎದ್ದಿತು, ಛೀ. ಮೂಲೆಯ ಕೊನೆಯ ಸುತ್ತು ಮುಗಿಸಿ ಎಂಜಿನ್ ಆರಿಸಿದೆ. ಅವನು ಗಾಜು ಇಳಿಸಿ, ಹುಲ್ಲು ಹೊಡೀತಿದೀಯ ಅಂದ. ಹೂಂ ಅಂದೆ. ಸೆಕೆ, ಅಂದ. ಹೂಂ. ಗಾಳಿ ಇದ್ದಿದ್ರೆ ಪರವಾಗಿರ್ಲಿಲ್ಲ, ಅಂದ. ಹೂಂ. ಇನ್ನೂ ಏನೋ ಇದೆ ಅಂತ ಗೊತ್ತಾಯಿತು, ಏನೂ ಇಲ್ಲದಿದ್ದರೆ ನಮ್ಮವರು ಇಷ್ಟೊಂದು ಮಾತಾಡುವುದಿಲ್ಲ. ಇಳಿದು ಬಂದು ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಒಂದು ಬಿಸಿ ಟ್ರೇ ಇಟ್ಟ, ಕೈಮಾ, ಮೇಲೆ ಆಲೂಗಡ್ಡೆ ಹಾಸಿ ಬೇಯಿಸಿದ್ದು, ಅಡಿಯಲ್ಲಿ ಹೆಂಡತಿಯ ಹೆಸರಿನ ಪಟ್ಟಿ ಅಂಟಿಸಿದೆ, ಪಾತ್ರೆ ಕಳೆಯಬಾರದಲ್ಲ. ಸುಮ್ನೆ ಯಾಕೆ ತೊಂದರೆ ತಗೊಂಡ್ರಿ ಅಂದವಳು ನಾನು, ನಾನೇ, ಬಾಯಿ ಅದನ್ನೇ ಕಲಿತಿದೆ. ಲೋವೆಲ್ ಟೋಪಿ ತೆಗೆದ, ಹಣೆಯ ಮೇಲ್ಭಾಗ ಬೆಳ್ಳಗೆ, ಕೆಳಗೆ ಕೆಂಪು. ಇವತ್ತು ಸಭೇಲಿ ಓಟಿಗೆ ಹಾಕ್ತೀನಿ, ಅಂದ, ಚರಂಡಿ ಮತ್ತೆ ಹೊಡಿಸೋಣ, ತಪ್ಪು ನಂದೇ ಅಂತ ಹೇಳ್ತೀನಿ, ನೀನೇನೂ ಎದ್ದು ನಿಲ್ಲೋದು ಬೇಡ. ನನ್ನ ವಾಕ್ಯವನ್ನು ಅವನೇ ಕಿತ್ತುಕೊಂಡು ಹೇಳಿಬಿಟ್ಟರೆ ನಾನು ಎಲ್ಲಿಗೆ ಹೋಗಲಿ ಈ ಸಿಟ್ಟು ಹಿಡಿದುಕೊಂಡು. ಅವನು ಟೋಪಿಯ ಅಂಚು ಸವರುತ್ತಾ ನಿಂತ, ಮೂಲೆಯ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ. ಇನ್ನೊಂದು ಮಾತು, ಅಂದ. ಮೇ ತಿಂಗಳಲ್ಲಿ ಡ್ವೇನ್‌ಗೆ ಹೇಳಿದ್ದೆ, ಈ ಸಲ ಚರಂಡಿ ಹೊಡಿಯಲ್ಲ, ನಿಮ್ಮ ಹೊಲದ ಮೂಲೆಯಾದ್ರೂ ಬಿತ್ತದೆ ಖಾಲಿ ಬಿಡು ಅಂತ. ಬಿಡ್ತೀನಿ ಅಂದಿದ್ದ. ಮರ್ತುಬಿಟ್ಟ ಅನ್ಸತ್ತೆ. ಅದನ್ನ ಸಭೇಲಿ ಎತ್ತಲ್ಲ, ಅಂದ, ಮಲಗಿರೋ ಮನುಷ್ಯನ ಮೇಲೆ ಯಾಕೆ, ನಮ್ಮಿಬ್ಬರಲ್ಲೇ ಇರ್ಲಿ. ಟ್ರೇ ಯಾವಾಗ ಬೇಕಾದ್ರೂ ಕೊಡು ಅಂತ ಹೇಳಿ ಹೊರಟ. ಅವನ ಧೂಳು ಎದ್ದು, ತೇಲಿ, ಕೊಯ್ದ ಹುಲ್ಲಿನ ಮೇಲೆ ಕೂತಿತು.

ಇಳಿಯುವುದು ಬೇಡ, ಟ್ರ್ಯಾಕ್ಟರಿನ ಮೇಲೆ ಕೂತರೆ ಎಲ್ಲ ಕಾಣುತ್ತದೆ, ಎಡಗಡೆ ರಸ್ತೆ ಒಂದು ಮೈಲಿವರೆಗೆ ಕಾಣುತ್ತದೆ, ನೋಡು, ಕೊಯ್ದ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತದೆ — ಇಳಿದೆ. ರಸ್ತೆ ನಡುವೆ ನಿಂತೆ, ಪಿಕಪ್ಪಿನಲ್ಲಿ ಕೂತವನ ಕಣ್ಣಿನ ಮಟ್ಟ ಹೆಚ್ಚುಕಡಿಮೆ ನಿಂತ ನನ್ನ ಕಣ್ಣಿನ ಮಟ್ಟವೇ. ಎಡಕ್ಕೆ ನೋಡಿದೆ. ಚರಂಡಿ ಬೋಳಾಗಿ ಕೆಳಗೆ ಬಿದ್ದಿದೆ, ಕೆಳಗೆ, ರಸ್ತೆಗಿಂತ ಮೊಳಕಾಲಿಗೂ ಹೆಚ್ಚು ಕೆಳಗೆ, ಅದರಾಚೆ ನಮ್ಮ ಮೆಕ್ಕೆಜೋಳ, ಎಂಟಡಿ, ಸೂಲಂಗಿ ಬಿಟ್ಟು ನಿಂತಿದೆ, ಅದರಾಚೆ ಏನೂ ಇಲ್ಲ, ರಸ್ತೆಯಿಲ್ಲ, ಲಾರಿ ಬಂದರೆ ಲಾರಿಯೂ ಇಲ್ಲ. ಮೂರು ಗಂಟೆ ಕೊಯ್ದಿದ್ದೇನೆ, ಏನೂ ಕಾಣುವುದಿಲ್ಲ. ಹುಲ್ಲು ಇರುವಾಗ ಎಷ್ಟು ಕಾಣುತ್ತಿರಲಿಲ್ಲವೋ ಈಗಲೂ ಅಷ್ಟೇ ಕಾಣುವುದಿಲ್ಲ. ಲೋವೆಲ್ ಸುಳ್ಳು ಹೇಳಿರಲಿಲ್ಲ, ಜಿಪುಣ, ಆದರೆ ಸುಳ್ಳ ಅಲ್ಲ, ಚರಂಡಿ ಕೆಳಗಿದೆ ಅಂದಿದ್ದ, ಕೆಳಗಿದೆ. ಡ್ವೇನ್ ಮರೆತುಬಿಟ್ಟ ಅನ್ನುತ್ತಾನೆ. ಡ್ವೇನ್ ಯಾವುದನ್ನೂ ಮರೆಯುವುದಿಲ್ಲ, ನಾವು ಮೊದಲ ಸಲ ಕುಣಿದ ರಾತ್ರಿ ನಾನು ಹಾಕಿದ್ದ ಬೂಟಿನ ಬಣ್ಣ ಹೇಳುತ್ತಾನೆ. ನಮ್ಮ ಮನೆಯಲ್ಲಿ ಬಿತ್ತುವ ಯಂತ್ರ ಓಡಿಸುವುದು ನಾನು. ಸಾಲು ನೇರ ಬರುವುದು ನನ್ನ ಕೈಯಲ್ಲಿ, ಅಂತ ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಮೇ ಹನ್ನೊಂದು, ಗಾಳಿ, ಮಣ್ಣು ಕಪ್ಪಗೆ, ಕೈಯಲ್ಲಿ ಹಿಡಿದರೆ ಪುಡಿಯಾಗುವ ಹದ, ಡ್ವೇನ್ ಮೂಲೆಗೆ ನಡೆದುಹೋಗಿ ನಿಂತಿದ್ದ, ಕಿತ್ತಳೆ ಟೋಪಿ, ಬಲಗೈ ಎತ್ತಿ, ಅಂಗೈ ನನ್ನ ಕಡೆ, ಬೆರಳುಗಳೆಲ್ಲ ಕೂಡಿಸಿ. ಒಂದು ಬೆರಳಲ್ಲ, ಪೂರ್ತಿ ಕೈ. ಇಲ್ಲಿಗೆ ಸಾಕು, ಇಲ್ಲೇ ತಿರುಗಿಸು. ನನಗೆ ಗೊತ್ತಾಗಲಿಲ್ಲ ಅಂತ ಹೇಳಲಾರೆ, ಗೊತ್ತಾಯಿತು. ಇಷ್ಟು ಒಳ್ಳೆಯ ಮಣ್ಣು, ತೆರಿಗೆ ಕಟ್ಟುವ ಮಣ್ಣು, ಇಪ್ಪತ್ತು ಸಾಲಿನ ತುದಿ, ಸುಮ್ಮನೆ ಯಾಕೆ ಬಿಡುವುದು, ಇವನಿಗೆ ತಲೆ ಇಲ್ಲ, ಅಂದುಕೊಂಡೆ, ಯಂತ್ರ ಎತ್ತಲಿಲ್ಲ, ನೇರ ಬಂದೆ, ಅವನು ಪಕ್ಕಕ್ಕೆ ಸರಿದ, ಕೈ ಇಳಿಸಲಿಲ್ಲ, ಮುಂದಿನ ಸಲ ಬಂದಾಗಲೂ ಅದೇ, ಕೈ ಎತ್ತಿ ನಿಂತಿದ್ದ, ಮೂರನೆಯ ಸಲ ಸುಮ್ಮನೆ ಹೊಲದಂಚು ದಾಟಿ ಮನೆಗೆ ಹೋದ. ಊಟಕ್ಕೆ ಕೂತಾಗ ಅದರ ಬಗ್ಗೆ ಒಂದು ಮಾತಿಲ್ಲ, ಸಾಲು ನೇರ ಬಂದಿದೆ ಅಂದ. ಪರವಾಗಿಲ್ಲ ಅಂತ ಅರ್ಥ. ಸಂಜೆ ಏಳಕ್ಕೆ ಲೋವೆಲ್ ಎದ್ದು ತಪ್ಪು ನಂದು ಅನ್ನುತ್ತಾನೆ, ಹದಿನೇಳು ಜನ ನನ್ನ ಕಡೆ ನೋಡುತ್ತಾರೆ, ಮಾರ್ಲಿಸ್ ನೀನೇನಾದ್ರೂ ಹೇಳ್ತೀಯಾ ಅನ್ನುತ್ತಾನೆ, ಆಗ — ಎಂಟಡಿ ಜೋಳ, ಅದರ ಮುಂದೆ ಡ್ವೇನ್, ಬಲಗೈ ಎತ್ತಿ, ಅಂಗೈ ನನ್ನ ಕಡೆ — ಹೇಳಬೇಕು, ಹೇಳುತ್ತೇನೆ, ಬಾಯಿ ತೆರೆದರೆ ಏನು ಬರುತ್ತದೋ — ಅಂಗೈ ನನ್ನ ಕಡೆ, ಬೆರಳುಗಳೆಲ್ಲ ಕೂಡಿಸಿ, ನಾನು ಬರುತ್ತಿದ್ದೇನೆ, ಅವನು ಕೈ ಇಳಿಸುತ್ತಿಲ್ಲ.