ಒಂಬತ್ತು ಮಿಲಿಮೀಟರಿನ ಗಂಡ

ಐವತ್ತೆರಡನೆಯ ವಯಸ್ಸಿನಲ್ಲಿ ಎರಡನೆಯ ಮದುವೆಗೆ ಒಪ್ಪುವ ಮುಂಚೆ ಅವಳು ಎಲ್ಲವನ್ನೂ ವಿಚಾರಿಸಿಕೊಂಡಿದ್ದಳು: ರಕ್ತದೊತ್ತಡ, ಕುಡಿತ, ಮೊದಲ ಹೆಂಡತಿಯ ಫೋಟೋ ಯಾವ ಗೋಡೆಯ ಮೇಲಿದೆ ಎಂಬುದನ್ನು ಸಹ. ಹಳಿಯ ಅಗಲ ಕೇಳುವುದೊಂದನ್ನು ಮರೆತಿದ್ದಳು.

ಅವಳು ಲ್ಯಾಬೊಂದರಲ್ಲಿ ಕಟ್ಟುಹಲ್ಲು ಮಾಡುವವಳು, ಅವನು ಗಡಿಯಾರ ರಿಪೇರಿಯವನು. ಸಣ್ಣ ಸ್ಕ್ರೂ ಹುಡುಕಿಕೊಂಡು ಅವನ ಅಂಗಡಿಗೆ ಹೋದಾಗ, ಇಬ್ಬರಿಗೂ ಪುಟಾಣಿ ರೈಲಿನ ಹುಚ್ಚು ಎಂದು ತಿಳಿದು ಇಬ್ಬರೂ ಬೆಣ್ಣೆಯಂತೆ ಕರಗಿದ್ದರು. ಮದುವೆಯಾಗಿ ರೈಲಿನ ಪೆಟ್ಟಿಗೆ ಬಿಚ್ಚಿದ ದಿನ ಬೆಣ್ಣೆ ಗಟ್ಟಿಯಾಯಿತು. ಅವಳ ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರು, ಅವನದು ಒಂಬತ್ತು. ಅವಳ ಎಂಜಿನ್ ಗೇಣುದ್ದ, ಅವನದು ಅದರರ್ಧ. ಖಾಲಿ ಕೋಣೆ ಒಂದೇ.

"ಒಂಬತ್ತರಲ್ಲಿ ಈ ಕೋಣೆಯೊಳಗೆ ಒಂದು ಜಿಲ್ಲೇನೇ ಹಿಡಿಸಬಹುದು," ಎಂದ ಅವನು.

"ನನ್ನದರಲ್ಲಿ ಡ್ರೈವರಿನ ಮೀಸೆ ಕಾಣತ್ತೆ."

"ಮೀಸೆ ಕಟ್ಟಿಕೊಂಡು ಏನ್ಮಾಡ್ತೀಯ?"

"ನಿಮ್ಮನ್ನೇ ಕಟ್ಟಿಕೊಂಡಿಲ್ವಾ?"

ಪಂಚಾಯಿತಿಗೆ ಅವನ ಅಕ್ಕ ಬಂದರು. "ಬೇರೆ ಮನೇಲಿ ಆಟದ ಸಾಮಾನಿಗೆ ಮಕ್ಕಳು ಕಿತ್ತಾಡ್ತವೆ. ಹೋಗ್ಲಿ, ನೀನೇ ಹೊಂದಿಕೋಮ್ಮ. ನಿಂದನ್ನ ಮಂಚದ ಕೆಳಗಿಡು."

ಮಂಚದ ಕೆಳಗೆ. ಮೊದಲ ಗಂಡನೂ ಅದನ್ನೇ ಹೇಳಿದ್ದ, ಅವಳು 'ಪರವಾಗಿಲ್ಲ' ಎಂದಿದ್ದಳು. ಆ ಒಂದು ಮಾತಿನ ಮೇಲೆ ಹತ್ತೊಂಬತ್ತು ವರ್ಷ ಧೂಳು ಕೂತಿತ್ತು. ಈಗಲೂ ಅದೇ ಮಾತು ಹೇಳಿ ಕಳಿಸಿದಂತೆ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಕಾಫಿಯ ಜೊತೆ ನುಂಗಿಬಿಟ್ಟಳು.

"ಎರಡನ್ನೂ ಇಡೋಣ," ಎಂದ ಅವನು, ತನ್ನ ಔದಾರ್ಯಕ್ಕೆ ತಾನೇ ಬೆರಗಾಗಿ. "ಮುಂದೊಂದು, ಹಿಂದೆ ಬೆಟ್ಟ ಮಾಡಿ ಅದರ ಪಕ್ಕ ಇನ್ನೊಂದು. ಹಿಂದಿನದು ದೂರದಲ್ಲಿ ಹೋದ ಹಾಗೆ ಕಾಣತ್ತೆ." ಒಂದು ಕ್ಷಣವೂ ತಡಮಾಡದೆ ಸೇರಿಸಿದ: "ನಂದು ಮುಂದೆ."

ಭಾನುವಾರ ಅವಳು ಅವನು ಹೇಳಿದ ಹಾಗೆಯೇ ಹಳಿ ಹಾಸಿಕೊಟ್ಟಳು. ಮುಂದೆ ಅವನ ಸ್ಟೇಷನ್ನು, ಭತ್ತದ ಕಾಳಿನಂಥ ಪ್ರಯಾಣಿಕರು. ಅವಳು ಗುಂಡಿ ಒತ್ತಿದಳು. ಹಿಂದಿನಿಂದ ಅವಳ ಎಂಜಿನ್ನು ಸ್ಟೇಷನ್ನಿನ ಮಾಡಿಗಿಂತ ಎತ್ತರಕ್ಕೆ ತಲೆಯೆತ್ತಿ ಬಂತು.

ಅಕ್ಕ ಕನ್ನಡಕ ಏರಿಸಿದರು. "ಅದು ಆ ಜನರನ್ನ ತಿನ್ನೋಕೆ ಬರ್ತಿದೆಯಲ್ಲೋ."

ಅವನು ಬಗ್ಗಿ ನೋಡಿದ, ಕುಕ್ಕರಗಾಲಿನಲ್ಲಿ ಕೂತು ನೋಡಿದ, ಬಾಗಿಲಾಚೆ ನಿಂತೂ ನೋಡಿದ. "ಇನ್ನೊಂಚೂರು ಹಿಂದಕ್ಕೆ ಹಾಕಿದ್ರೆ?"

"ಗೋಡೆ ಒಡೀಬೇಕು."

"ದೂರದ್ದು ಚಿಕ್ಕದಿರಬೇಕು," ಎಂದು ಕಳ್ಳತನ ಒಪ್ಪಿಕೊಂಡವನಂತೆ ಗೊಣಗಿದ. "ಹಾಗಾದ್ರೆ ನಾನು ಹಿಂದೆ ಹೋಗ್ಬೇಕಾ?"

ಕಣ್ಣಿಗೆ ಸಿಕ್ಕಿಸಿಕೊಂಡ ಗಡಿಯಾರ ರಿಪೇರಿಯ ಮಸೂರ ತೆಗೆಯುವುದನ್ನೂ ಅವನು ಮರೆತಿದ್ದ. ಅವಳಿಗೆ ಅಯ್ಯೋ ಅನ್ನಿಸಿತು. ತನಗೆ ಯಾರ ಮೇಲಾದರೂ ಕನಿಕರ ಬಂದಾಗಲೆಲ್ಲ ತನ್ನದೇ ಸಾಮಾನು ಕೋಣೆಯಿಂದ ಆಚೆ ಹೋಗುತ್ತದೆ ಎಂಬುದು ಅವಳಿಗೆ ಆಗ ಹೊಳೆಯಿತು. ಕನಿಕರವನ್ನು ಇಟ್ಟುಕೊಂಡೇ ಹೇಳಿದಳು:

"ಹೌದು, ನೀವು ಹಿಂದೆ. ಬೆಟ್ಟ ಎಷ್ಟೆತ್ತರ ಬೇಕೋ ಹೇಳಿ, ಲ್ಯಾಬಿನಿಂದ ಪ್ಲಾಸ್ಟರ್ ತರ್ತೀನಿ."

ಎರಡು ದಿನ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮೂರನೆಯ ದಿನ ಬೆಟ್ಟದ ಅಳತೆಯ ಚೀಟಿ ತಂದುಕೊಟ್ಟ. ಎತ್ತರ ಕೊಂಚ ಜಾಸ್ತಿಯೇ ಇತ್ತು. ಅವಳು ಎರಡು ಇಂಚು ಇಳಿಸಿ ಪ್ಲಾಸ್ಟರ್ ಕಲಸಿದಳು.