ಎಂಜಿನ್ನು ಕೆಟ್ಟಿರಲೆಂಬ ಪ್ರಾರ್ಥನೆ

ಭಾರೀ ಡೀಸೆಲ್ ಎಂಜಿನ್ನು ಐನೂರು ಗಂಟೆ ಪೂರ್ಣಭಾರ ಹೊತ್ತು ಓಡಿ ತನ್ನ ಬಾಳಿಕೆಯನ್ನು ತೋರಬೇಕೆಂಬುದು ಪರೀಕ್ಷೆಯ ನಿಯಮ. ನಡುವೆ ದೋಷ ಕಂಡರೆ ಎಣಿಕೆ ಮತ್ತೆ ಸೊನ್ನೆಯಿಂದ. ಕೋಲಾರದ ಚಿನ್ನದ ಗಣಿಗಳ ನಡುವಿನ ಉರಿಗಾಂ ಸಮೀಪದ ಕಾರ್ಖಾನೆಯಲ್ಲಿ ಹಗಲು ಪಾಳಿಯ ಕದಿರಪ್ಪ ಅದರ ಶಾಖವನ್ನೂ ಎಣ್ಣೆಯ ಒತ್ತಡವನ್ನೂ ವ್ರತ ಹಿಡಿದವನಂತೆ ನೋಡಿಕೊಂಡಿದ್ದ.

೧೯೮೪ರ ಒಂದು ಬೆಳಗ್ಗೆ, ನಾನೂರ ಎಪ್ಪತ್ತನೆಯ ಗಂಟೆಯಲ್ಲಿ, ಕಂಪನ ದಾಖಲಿಸುವ ಮುಳ್ಳು ಕಾಗದದ ಅಂಚಿಗೆ ಚಿಮ್ಮಿ ಮರಳಿತು.

"ಬೇರಿಂಗ್ ಹೋಗಿರಬೇಕು. ನಿಲ್ಲಿಸಿ ಬಿಚ್ಚೋಣ," ಎಂದರು ಎಂಜಿನಿಯರ್ ಆದಿನಾರಾಯಣ. ಅವರು ವರ್ಗವಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ.

ಜೊತೆಗಾರ ಕುಪ್ಪುಸ್ವಾಮಿ ನಕ್ಕ. "ಇಂಜಿನ್ ಅಲ್ಲ ಸಾರ್, ಗಣಿ. ಒಳಗೆ ಬಂಡೆ ಸಿಡಿದೈತೆ. ಈ ಸದ್ದಲ್ಲಿ ನೆಲ ಅದುರಿದ್ದು ನಮ್ಗೆ ಗೊತ್ತಾಗ್ಲಿಲ್ಲ, ಮುಳ್ಳಿಗೆ ಗೊತ್ತಾಯ್ತು. ಏನ್ಲಾ ಕದಿರಪ್ಪ, ಯೋಳ್ಲಾ."

ಕದಿರಪ್ಪ ಮುಳ್ಳು ಗೀಚಿದ ಗೆರೆಯನ್ನು ಬಗ್ಗಿ ನೋಡಿದ. ಅವನ ತಮ್ಮ ಸೊಣ್ಣಪ್ಪ ಆ ಹೊತ್ತಿನಲ್ಲಿ ಚಾಂಪಿಯನ್ ರೀಫ್ಸ್ ಗಣಿಯ ಆಳದಲ್ಲಿದ್ದ. ಅದುರಿದ್ದು ನೆಲವಾದರೆ ಎಂಜಿನ್ನು ಉಳಿಯಿತು, ತಮ್ಮನ ಗತಿಯೇನು? ಎಂಜಿನ್ನೇ ಕೆಟ್ಟಿದ್ದರೆ ಇಷ್ಟು ದಿನಗಳ ಶ್ರಮ ನೀರುಪಾಲು, ಆದರೆ ತಮ್ಮನು ಕ್ಷೇಮ. ತಾನು ಜೋಪಾನ ಮಾಡಿದ ಯಂತ್ರ ಮುರಿದಿರಲೆಂದು ಅವನು ಕೋಲಾರಮ್ಮನನ್ನು ಬೇಡಿದ.

"ಬಿಚ್ಚೇ ಬಿಡಾನ ಸಾರ್," ಎಂದ.

ಕುಪ್ಪುಸ್ವಾಮಿಯ ನಗು ಅಡಗಿತು. "ಸಾರ್, ಇವನ ತಮ್ಮ ಗಣಿಯೊಳಗವ್ನೆ."

ಆದಿನಾರಾಯಣರು ಕೂಡಲೇ ಗಣಿಯ ಕಚೇರಿಗೆ ಫೋನು ಮಾಡಿದರು. ಲೈನು ಸಿಗಲಿಲ್ಲ, ಮತ್ತೆ ಮತ್ತೆ ತಿರುಗಿಸಿದರು. ಅಷ್ಟರಲ್ಲಿ ಕದಿರಪ್ಪ ಇನ್ನೂ ಓಡುತ್ತಲೇ ಇದ್ದ ಎಂಜಿನ್ನಿಗೆ ಕೋಲು ಆನಿಸಿ, ಅದರ ತುದಿಗೆ ಕಿವಿಗೊಟ್ಟು, ಒಂದಾದರೂ ಅಪಸ್ವರ ಕೇಳೀತೇ ಎಂದು ಹುಡುಕಿದ. ಎಲ್ಲಿಯೂ ಇರಲಿಲ್ಲ. ಆ ನಿರ್ದೋಷ ನಾದವೇ ಅವನ ಎದೆಯನ್ನು ನಡುಗಿಸಿತು.

ಅರ್ಧ ಗಂಟೆಯ ಮೇಲೆ ಆದಿನಾರಾಯಣರು ಕೈಬೀಸಿ ಕರೆದರು. "ಬಂಡೆ ಸಿಡಿದದ್ದು ಕೆಲಸ ನಿಂತ ಹಳೆಯ ಸುರಂಗದಲ್ಲಿ. ಯಾರಿಗೂ ಏನೂ ಆಗಿಲ್ಲ. ತೊಗೊಳ್ಳಪ್ಪ, ನಿನ್ನ ತಮ್ಮನೇ ಮಾತಾಡ್ತಾನೆ."

"ಅಣ್ಣಾ, ಮೇಲಕ್ ಬಂದಿವ್ನಿ. ಅದೇನಣ್ಣ ಅಲ್ಲಿ ಆ ಪಾಟಿ ಸದ್ದು?"

"ಇಂಜಿನ್ ಕಣ್ಲಾ." ಕದಿರಪ್ಪ ಅದರತ್ತ ತಿರುಗಿ ನೋಡಿದ. "ಚೆನ್ನಾಗ್ ಓಡ್ತೈತೆ. ನೀನು ಮನೀಗೋಗು."

ಮರಳಿ ಬಂದವನು ಎಂಜಿನ್ನಿಗೆ ಕೈಮುಗಿದ. "ಮುರೀಲಿ ಅಂತ ಬೇಡ್ಕಂಡಿದ್ದೆ. ತಪ್ಪಾಯ್ತು."

"ಬಿಡ್ಲಾ," ಎಂದ ಕುಪ್ಪುಸ್ವಾಮಿ, "ಅದರ ಸದ್ದಿಗೆ ನಿನ್ ಮಾತು ಅದಕ್ಕೆಲ್ಲಿ ಕೇಳಿಸೈತೆ."